ಬಾಗಿಲ ಮೇಲಿನ ದನಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಗೇಟು ತೆಗೆದರೂ ಒಳಗಿದ್ದವರಿಗೆ ಕೇಳಿಸದು. ಅದೇ ನೆಪ ಹೇಳಿ ನಾನು ಬಾಗಿಲ ಮೇಲೊಂದು ಕ್ಯಾಮೆರಾ ಹಾಕಿಸಿದೆ. ನಿಜವಾಗಿ ಅದು ನನ್ನ ಆಸೆ. ನೆಲಮಂಗಲದ ಆಫೀಸಿನಲ್ಲಿ ಕೂತು ಫೋನಿನಲ್ಲಿ ನಮ್ಮ ಅಂಗಳ ನೋಡುವುದು, ಮೆಟ್ಟಿಲ ಮೇಲೆ ಮಲಗಿದ ಬೆಕ್ಕನ್ನು ಕಂಡು ಖುಷಿಪಡುವುದು, ಕೊರಿಯರಿನವನು ಬಂದರೆ ಗುಂಡಿ ಒತ್ತಿ ‘ಅಲ್ಲೇ ಇಟ್ಬಿಡಿ’ ಎನ್ನುವುದು. ಇದನ್ನೆಲ್ಲ ಸಹೋದ್ಯೋಗಿಗಳಿಗೆ ತೋರಿಸದೆ ನನಗೆ ಊಟ ಸೇರುತ್ತಿರಲಿಲ್ಲ.

ಅಮ್ಮ ಹೊಸಕೋಟೆಗೆ, ಅಕ್ಕನ ಮನೆಗೆ ಹೋಗಿದ್ದ ವಾರ. ಡಬ್ಬಿ ಬಿಚ್ಚಿ ಕೂತಿದ್ದಾಗ ಫೋನು ಟಿಣ್ ಎಂದಿತು. ನಮ್ಮ ಕಾಂಪೌಂಡಿನೊಳಗೆ ಯಾರೋ ಹೆಂಗಸು, ಬೆನ್ನು ಮಾತ್ರ ಕಾಣುತ್ತಿತ್ತು. ಕೋಲಿನಿಂದ ನುಗ್ಗೆಕಾಯಿ ಕೀಳುತ್ತಿದ್ದರು.

‘ಮಾತಾಡು ಗುರು, ಏನ್ಮಾಡ್ತಾರೆ ನೋಡಣ’ ಎಂದ ಪಕ್ಕದಲ್ಲಿದ್ದವನು.

ನಾನು ಗುಂಡಿ ಒತ್ತಿದೆ. ‘ಯಾರ್ರೀ ಅದು? ಯಾರನ್ನ ಕೇಳಿ ಕೀಳ್ತಿದ್ದೀರಾ?’ ದನಿಯನ್ನು ಬೇಕೆಂದೇ ಗಡುಸು ಮಾಡಿಕೊಂಡಿದ್ದೆ. ಆಕೆ ಬೆಚ್ಚಿ ಕೋಲು ಬಿಟ್ಟರು. ಮರದ ಮೇಲೆ ನೋಡಿದರು, ಬೀದಿಯತ್ತ ನೋಡಿದರು. ನಮ್ಮ ಮೇಜಿನ ಸುತ್ತ ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಗ ಅವರು ತಿರುಗಿದರು. ಎದುರು ಮನೆಯ ಅಜ್ಜಿ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮಮ್ಮನ ಗೆಳತಿ. ಬೀಗ ಹಾಕಿದ ಬಾಗಿಲ ಮುಂದೆ ಬಂದು ನಿಂತು, ಒಳಗೆ ಯಾರೋ ಇದ್ದಾರೆಂಬಂತೆ ಬಾಗಿಲಿಗೇ ಹೇಳಿದರು: ‘ನಾನೇ ಕಣಪ್ಪಾ. ನಿಮ್ಮಮ್ಮಾನೇ ಕಿತ್ಕೊ ಅಂದಿದ್ಲು. ಬಲಿತೋಗ್ತವೆ ಅಂತ.’

‘ತಗೊಳ್ಳಿ ಅಜ್ಜಿ’ ಎನ್ನುವುದಕ್ಕೆ ಒಂದು ಬೆರಳು ಸಾಕಾಗಿತ್ತು. ನಾನು ಒತ್ತಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಜ್ಜಿ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಡಿಲಲ್ಲಿದ್ದ ಕಾಯಿಗಳನ್ನು ತೆಗೆದು ಮೆಟ್ಟಿಲ ಮೇಲೆ ಜೋಡಿಸಿಟ್ಟು, ಗೇಟಿನ ಚಿಲಕ ಹಾಕಿಕೊಂಡು ಹೋದರು.

ಸಂಜೆ ಬಸ್ಸಿಳಿದವನೇ ಆ ಕಾಯಿಗಳನ್ನು ಹಿಡಿದು ಅವರ ಮನೆಗೆ ಹೋದೆ. ಅಜ್ಜಿ ಮಗ್ಗದ ಕೋಣೆಯ ಬಾಗಿಲಲ್ಲಿ ಕೂತು ನೂಲು ಬಿಡಿಸುತ್ತಿದ್ದರು.

‘ನೀವು ಅಂತ ಗೊತ್ತಾಗ್ಲಿಲ್ಲ ಅಜ್ಜಿ, ತಪ್ಪಾಯ್ತು’ ಎಂದೆ.

‘ಹೋಗ್ಲಿ ಬಿಡಪ್ಪಾ. ಊಟದ ಹೊತ್ತಲ್ವಾ, ಮಗ್ಗ ನಿಂತಿತ್ತು. ಬೀದಿಯೋರೆಲ್ಲ ಆಚೆ ಬಂದ್ಬಿಟ್ರು, ಅಷ್ಟೇ.’ ನೂಲಿನಿಂದ ಕಣ್ಣೆತ್ತದೆ ಕೇಳಿದರು, ‘ನಿನ್ ಜೊತೇಲಿ ನಗ್ತಿದ್ದೋರು ಯಾರು?’

ನಗುವಾಗ ಗುಂಡಿಯಿಂದ ಬೆರಳು ತೆಗೆಯುವುದನ್ನು ನಾನು ಮರೆತಿದ್ದೆ. ನಮ್ಮ ನಗೆಯೆಲ್ಲ ಆ ಅಂಗಳದಲ್ಲಿ ಕೇಳಿಸಿತ್ತು.

‘ಆಫೀಸಿನವರು’ ಎಂದೆ.

‘ಓ’ ಎಂದರು. ಕಾಯಿ ಮಾತ್ರ ಮುಟ್ಟಲಿಲ್ಲ. ‘ಇವತ್ತು ಸಾರು ಆಗೋಯ್ತು’ ಎಂದರು.

ಅಮ್ಮ ಬಂದು, ವಿಷಯ ತಿಳಿದು, ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಕ್ಯಾಮೆರಾವನ್ನು ನಾನೇ ಬಿಚ್ಚಿದೆ. ಗೋಡೆಯಲ್ಲಿ ಮೊಳೆಯ ತೂತು ಉಳಿದಿದೆ.

ಅಜ್ಜಿ ಈಗಲೂ ಬರುತ್ತಾರೆ, ಅಮ್ಮನ ಜೊತೆ ಕೂತು ಕಾಫಿ ಕುಡಿಯುತ್ತಾರೆ. ಆದರೆ ಗೇಟು ತೆಗೆಯುವ ಮೊದಲು ರಸ್ತೆಯಲ್ಲೇ ನಿಂತು ‘ಬರ್ಲಾ’ ಎಂದು ಕೇಳುತ್ತಾರೆ. ಮೊದಲು ಹಾಗೆ ಕೇಳುತ್ತಿರಲಿಲ್ಲ.