ಬಲಗಾಲಿಗೊಂದು ಕಂಪ್ಯೂಟರು

ಟೈಲರ್ ಮಾಸ್ತರರಿಗೆ ಎಲ್ಲರಂತೆ ಎರಡು ಕಾಲುಗಳಿದ್ದವು. ಎಡಗಾಲು ಸಾಧು, ಇಟ್ಟಲ್ಲಿ ಇರುತ್ತಿತ್ತು. ಬಲಗಾಲು ಮಾತ್ರ ಒಡೆಯನ ಮಾತು ಕೇಳುವುದನ್ನು ಬಿಟ್ಟು ಕೆಲವು ದಿನಗಳಾಗಿತ್ತು. ಊಟದ ಮೇಜಿನ ಕೆಳಗೆ ಅದು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು, ಮೇಜಿನ ಮೇಲೆ ಲೋಟದ ನೀರು ತೆರೆತೆರೆಯಾಗಿ ಅಲುಗುತ್ತಿತ್ತು. ಎದುರಿಗೆ ಕೂತ ಹೆಂಡತಿ ತುತ್ತು ಬಾಯಿಗಿಡುವ ಮೊದಲು, "ರೀ, ಕಾಲು" ಅನ್ನುತ್ತಿದ್ದಳು. ಕಾಲು ನಿಲ್ಲುತ್ತಿತ್ತು. ಇನ್ನೊಂದು ತುತ್ತು ಎತ್ತುವಷ್ಟರಲ್ಲಿ ಲೋಟದಲ್ಲಿ ಮತ್ತೆ ತೆರೆ.

ಕಾಲನ್ನು ದೂರಿ ಪ್ರಯೋಜನವಿಲ್ಲ. ಮೀಸೆ ಮೂಡುವ ಮೊದಲಿನಿಂದ ಅದು ಹೊಲಿಗೆ ಮಷೀನಿನ ಪೆಡಲು ತುಳಿದಿತ್ತು. ಆ ತುಳಿತವನ್ನೆಲ್ಲ ಒಟ್ಟುಗೂಡಿಸಿದ್ದರೆ ಭೂಮಿಗೆ ಒಂದು ಸುತ್ತು ಅಂಚು ಹೊಲಿದು, ಕಾಜ ಮಾಡಿ, ಗುಂಡಿಯನ್ನೂ ಇಡಬಹುದಿತ್ತು. ಹೀಗಿರುವಾಗ ಅಂಗಡಿಗೆ ಮೋಟಾರಿನ ಮಷೀನು ಬಂತು. ತರಿಸಿದವಳು ಹೆಂಡತಿ. ಅಂಗಡಿಯಲ್ಲಿ ಬಿಗಿಯಾದದ್ದನ್ನು ಬಿಚ್ಚುವುದು, ದೊಗಲೆಯಾದದ್ದನ್ನು ಹಿಡಿಸುವುದು ಅವಳ ಖಾತೆ. ಕತ್ತರಿಸುವುದು, ಹೊಲಿಯುವುದು ಮಾಸ್ತರರದು. ಮೋಟಾರಿನ ಪೆಡಲಿಗೆ ತುಳಿತ ಬೇಡ, ಬೆಕ್ಕಿನ ತಲೆ ನೇವರಿಸಿದ ಹಾಗೆ ಸವರಿದರೆ ಸಾಕು. ಮಾಸ್ತರರ ಬಲಗಾಲು ನೇವರಿಸುವ ಪೈಕಿಯದಲ್ಲ. ಮೊದಲ ದಿನವೇ ಅದು ಪೆಡಲನ್ನು ಜಪ್ಪಿತು. ಮಷೀನು ಹಗ್ಗ ಹರಿದ ಹೋರಿಯಂತೆ ನುಗ್ಗಿ, ಸಿಬ್ಬಂದಿಗೆಲ್ಲ ಕೋಟು ಹೊಲಿಯಲು ಕೊಟ್ಟಿದ್ದ ಒಂದು ಹೋಟೆಲಿನ ಮ್ಯಾನೇಜರರ ಕೋಟಿನ ತೋಳನ್ನು ಅದೇ ಕೋಟಿನ ಜೇಬಿಗೆ ಸೇರಿಸಿ ಹೊಲಿದು ಆಮೇಲೆ ನಿಂತಿತು. ಮ್ಯಾನೇಜರರು ಹಾಕಿಕೊಂಡು ನೋಡಿದರು. ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಅದೇ ವಾರ ಪೆಡಲೂ ಮುರಿಯಿತು. ಹೊಸ ಪೆಡಲು ತಂದು ಜೋಡಿಸಿದ ಹೆಂಡತಿ, ಎದ್ದು ನಿಂತ ಮಾಸ್ತರರ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಹೋಟೆಲಿನವರ ಉಳಿದ ಕೋಟೆಲ್ಲ ನಾನು ಹೊಲೀತೀನಿ. ನೀವು ಇಸ್ತ್ರಿ ನೋಡ್ಕೊಳ್ಳಿ. ಕೊನೇ ಕೋಟು ಬಾಕಿ ಇರೋವಾಗ ಕರೀತೀನಿ. ಅಷ್ಟರಲ್ಲಿ ಕಾಲಿಗೆ ಬುದ್ಧಿ ಬಂದಿದ್ರೆ ಕುರ್ಚಿ ನಿಮ್ಮದು. ಇಲ್ಲದಿದ್ರೆ ನನ್ನದೇ."

ಇಸ್ತ್ರಿ. ಇಡೀ ಬೀದಿಗೆ ಪ್ಯಾಂಟು ತೊಡಿಸಿದ ಮಹಾನುಭಾವರಿಗೆ ಇಸ್ತ್ರಿ! ರಾಜ್ಯ ಕಳೆದುಕೊಂಡ ಅರಸರಿಗಾದರೂ ಕಾಡಿಗೆ ಹೋಗುವ ಸೌಕರ್ಯವಿತ್ತು. ಮಾಸ್ತರರು ಸಿಂಹಾಸನದಿಂದ ಎರಡು ಮೊಳ ದೂರದಲ್ಲಿ, ಹಬೆಯ ಮಧ್ಯೆ ನಿಂತು, ಇನ್ನೊಬ್ಬರು ಅದರಲ್ಲಿ ಕೂತಿರುವುದನ್ನು ದಿನವಿಡೀ ನೋಡಬೇಕಾಯಿತು. ಲೋಕದಲ್ಲಿ ಕಾಲಿಗೆ ಬುದ್ಧಿ ಹೇಳುವುದೆಂದರೆ ಓಡಿಹೋಗುವುದು. ಓಡಿಹೋಗದೆ ಕಾಲಿಗೆ ಬುದ್ಧಿ ಹೇಳಲು ಹೊರಟ ಮೊದಲ ಗಂಡಸು ಬಹುಶಃ ಇವರೇ.

ಉಪಾಯ ಸಿಕ್ಕಿದ್ದು ಬೀದಿಯ ಮೂಲೆಯ ಕಂಪ್ಯೂಟರ್ ಅಂಗಡಿಯಲ್ಲಿ. ಅದರ ಮಾಲೀಕ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ. ರೇಡಿಯೊಗಳು ಹೋದವು, ಹೆಸರು ಉಳಿಯಿತು. ಈಗಲೂ ಅವನನ್ನು ಎಲ್ಲರೂ ರೇಡಿಯೊ ಅಂತಲೇ ಕರೆಯುತ್ತಿದ್ದರು. ಅವನ ಪ್ಯಾಂಟು ಕೊಡಲು ಹೋದ ಮಾಸ್ತರರು, ಪ್ರದರ್ಶನಕ್ಕಿಟ್ಟಿದ್ದ ಒಂದು ಆಟದ ಕಂಪ್ಯೂಟರನ್ನು ಕಂಡರು. ಮುಂದೆ ಸ್ಟಿಯರಿಂಗು, ಕೆಳಗೆ ಪೆಡಲು, ಪರದೆಯಲ್ಲಿ ಕೆಂಪು ಕಾರು. ರೇಡಿಯೊ ಅವರನ್ನು ಅದರ ಮುಂದೆ ಕೂರಿಸಿದ. ಬಲಗಾಲು ಜಪ್ಪಿತು, ಕಾರು ಗೋಡೆಗೆ ಬಡಿಯಿತು. ಮತ್ತೆ ಜಪ್ಪಿತು, ಮತ್ತೆ ಗೋಡೆ. ಗೋಡೆಗಳ ಮೇಲೆ ಹೀಗೆ ಬಹಳ ಹೊತ್ತು ದಂಡಯಾತ್ರೆ ನಡೆದ ಮೇಲೆ ಒಂದು ತಿರುವಿನಲ್ಲಿ ಕಾಲು ತಾನಾಗಿಯೇ ಹಗುರಾಯಿತು, ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿತು. ಅಂದು ಊಟದ ಹೊತ್ತಿನಲ್ಲಿ ಲೋಟದ ನೀರು ಕನ್ನಡಿಯಂತೆ ನಿಂತಿತ್ತು. ಹೆಂಡತಿ ಮೇಜಿನ ಕೆಳಗೆ ಬಗ್ಗಿ ನೋಡಿ, ಹುಷಾರಾಗಿದ್ದೀರಾ ಎಂದು ಕೇಳಿದಳು.

ಮರುದಿನ ಮತ್ತೆ ತೆರೆ. ಮಾಸ್ತರರು ವಿಷಯ ಬಿಚ್ಚಿದರು: ತನಗೊಂದು ಆಟದ ಕಂಪ್ಯೂಟರು ಬೇಕು, ಆಟಕ್ಕಲ್ಲ, ವಿದ್ಯಾಭ್ಯಾಸಕ್ಕೆ, ಅದೂ ಬಲಗಾಲಿನದು. ಹೆಂಡತಿ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹೋಟೆಲಿನವರ ಕೋಟಿನ ಮುಂಗಡ ಬಂದಿದೆ, ಅಷ್ಟರಲ್ಲೇ ಮುಗಿಯಬೇಕು, ಅದರ ಮೇಲೆ ಒಂದು ಗುಂಡಿಯೂ ಹುಟ್ಟುವುದಿಲ್ಲ ಅಂದಳು. "ಹಾಸಿಗೆ ಇದ್ದಷ್ಟು ಕಾಲು ಚಾಚಿ. ನಿಮ್ಮ ಕಾಲಿಗೆ ಇದನ್ನ ಎರಡು ಸಲ ಹೇಳ್ಬೇಕು."

ಅಂದಿನಿಂದ ಮಾಸ್ತರರ ಕಾಲಿಗೆ ಚಕ್ರ ಬಂತು. ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ರೇಡಿಯೊನ ಅಂಗಡಿಗೆ ಹೋಗಿ ಬರುತ್ತಿದ್ದರು, ಆರುವಷ್ಟರಲ್ಲಿ ಇನ್ನೊಮ್ಮೆ. ಬೆಳಿಗ್ಗೆ ಒಂದು ಪ್ರೊಸೆಸರು ನಿಶ್ಚಯವಾಗುತ್ತಿತ್ತು, ಮಧ್ಯಾಹ್ನ ಅದಕ್ಕೆ ವಿಚ್ಛೇದನ, ಸಂಜೆ ಬೇರೆಯದರ ಜೊತೆ ಮಾತುಕತೆ. ಗುಂಡಿ ಹಾಕುತ್ತಾ ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದರು. ಅದರಲ್ಲಿ ಒಬ್ಬ ಇದನ್ನೇ ಕೊಳ್ಳಿ ಅನ್ನುತ್ತಿದ್ದ, ಇನ್ನೊಬ್ಬ ಇದನ್ನು ಕೊಂಡವನು ಕೆಟ್ಟ ಅನ್ನುತ್ತಿದ್ದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಒರೆಸಿ, ಬರೆದು ಒರೆಸಿ ಮಾಡುತ್ತಿದ್ದರು. ಕೊನೆಗೆ ಒಂದು ದಿನ ಹೆಂಡತಿ ಅಲ್ಲಿ 'ಸೊಂಟ 34, ತೋಳು 23, ರ್‍ಯಾಮ್ 16' ಎಂದಿದ್ದದ್ದನ್ನು ಓದಿ, ಈ ಗಿರಾಕಿ ಯಾರು, ಇವರ ರ್‍ಯಾಮ್ ಎಲ್ಲಿ ಬರುತ್ತದೆ ಎಂದು ವಿಚಾರಿಸಿದಳು.

ರೇಡಿಯೊನಿಗೆ ತಾಳ್ಮೆ ಇತ್ತು. ಪ್ರೊಸೆಸರು ಎಂದರೆ ಮಿದುಳು, ಅದನ್ನು ಕೂರಿಸುವ ಹಲಗೆಯೇ ಮದರ್‌ಬೋರ್ಡು, ಆದರೆ ಎಲ್ಲ ಮಿದುಳನ್ನೂ ಎಲ್ಲ ಬೋರ್ಡೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ವಿವರಿಸಿದ. ಸೂಜಿಮೊನೆಯಷ್ಟು ಹೆಚ್ಚುಕಮ್ಮಿಯಾದರೂ ಕೂರುವುದಿಲ್ಲವಂತೆ. ಮಾಸ್ತರರು ಯೋಚಿಸಿ, ಹಾಗಾದರೆ ಇದು ಮದರ್ ಅಲ್ಲ, ಅತ್ತೆ ಬೋರ್ಡು ಎಂದು ತೀರ್ಪು ಕೊಟ್ಟರು. ಮನೆಗೆ ಬಂದು ಈ ಹಾಸ್ಯವನ್ನು ಹೆಂಡತಿಗೂ ಹೇಳಿದರು. ಹೆಂಡತಿ, ನಿಮ್ಮಮ್ಮನ ಕಾಲದಲ್ಲೇ ಈ ಕಂಪ್ಯೂಟರು ಬಂದಿದ್ದರೆ ನನಗೆ ಅರ್ಥವಾಗುವುದು ಸುಲಭವಿತ್ತು ಅಂದಳು. ಹಾಸ್ಯ ಅಲ್ಲಿಗೆ ಮುಗಿಯಿತು.

ಆದರೆ ಮಾಸ್ತರರನ್ನು ಕೆಡಿಸಿದ್ದು ಅತ್ತೆಯಲ್ಲ, ಅವರದೇ ಕಸುಬು. ಒಳ್ಳೆಯ ಟೈಲರು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಾನೆ. ನಾಳೆ ಗಿರಾಕಿ ದಪ್ಪಗಾದರೆ ಬಿಚ್ಚಿ ದೊಡ್ಡದು ಮಾಡಬೇಕಲ್ಲ. ಮಾಸ್ತರರು ಅದೇ ಧರ್ಮವನ್ನು ಕಂಪ್ಯೂಟರಿಗೂ ಹಿಡಿದರು. ರ್‍ಯಾಮ್ ಎರಡು ಸಾಕು ಎಂದರೆ ನಾಲ್ಕು ಕೂರುವ ಬೋರ್ಡು. ಕರೆಂಟು ಕೊಡುವ ಪೆಟ್ಟಿಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಬಲದ್ದು. ಕ್ಯಾಬಿನೆಟ್ಟಂತೂ ಬೀರುವಿನಂಥದ್ದು: ಮುಂದೆ ಗಾಜು, ಬಣ್ಣಬಣ್ಣದ ದೀಪ, ಒಳಗೆ ಒಂದು ಸಂಸಾರ ಹೂಡುವಷ್ಟು ಜಾಗ. ಎಲ್ಲವೂ ಮುಂದಕ್ಕೆ ಬೇಕಾಗುತ್ತದೆ. ಎಲ್ಲದರ ಒಳಗೂ ಬಟ್ಟೆ ಬಿಟ್ಟಿರಬೇಕು.

ಕೊನೆಗೆ ರೇಡಿಯೊ ಒಟ್ಟು ಹಾಕಿದ. ಮುಂಗಡದ ಹಣಕ್ಕೆ ಕೂದಲೆಳೆ ಅಂತರದಲ್ಲಿ ಲೆಕ್ಕ ಕೂತಿತು. ಮಾಸ್ತರರ ಎದೆ ಉಬ್ಬಿತು.

"ಮಾಸ್ಟ್ರೇ, ಕೋಟು ಭರ್ಜರಿಯಾಗಿದೆ. ಆದ್ರೆ ಒಳಗೆ ಮನುಷ್ಯ ಇಲ್ಲ" ಅಂದ ರೇಡಿಯೊ.

ಗ್ರಾಫಿಕ್ಸ್ ಕಾರ್ಡು ಬಿಟ್ಟುಹೋಗಿತ್ತು. ಪರದೆಯ ಮೇಲೆ ರಸ್ತೆ, ಗೋಡೆ, ಕಾರು ಬರೆಯುವುದು ಅದೇ; ಆಟದ ಕಂಪ್ಯೂಟರಿಗೆ ಅದೇ ಪ್ರಾಣ. ಅದಿಲ್ಲದಿದ್ದರೆ ಕಾರು ಇವತ್ತು ಒಂದು ತಿರುವು ತಿರುಗಿ ನಾಳೆ ಇನ್ನೊಂದು ತಿರುಗುತ್ತದೆ. ಕಾರ್ಡಿಗೆ ಎಲ್ಲಕ್ಕಿಂತ ಹೆಚ್ಚು ಹಣ ಬೇಕು, ಮಾಸ್ತರರು ಅದಕ್ಕೆ ಉಳಿಸಿದ್ದರಲ್ಲಿ ಒಂದು ರೀಲು ದಾರ ಬರುತ್ತಿತ್ತು. ಇನ್ನು ಸ್ಟಿಯರಿಂಗು, ಪೆಡಲು? ಅವು ಗಾಜಿನ ಕಪಾಟಿನಲ್ಲಿ ಕೂತು ಮಾಸ್ತರರನ್ನೇ ನೋಡುತ್ತಿದ್ದವು.

ಮಾಸ್ತರರು ಅಂಗಡಿಗೆ ಮರಳಿ, ಇಸ್ತ್ರಿ ಹಿಡಿದು, ಗ್ರಾಫಿಕ್ಸ್ ಕಾರ್ಡನ್ನೇ ಧ್ಯಾನಿಸಿದರು. ಬಲಗಾಲು ನೆಲವನ್ನು ಜಪ್ಪುತ್ತಿತ್ತು. ಸುಟ್ಟ ವಾಸನೆ ಬಂದಾಗ ಒಂದು ಬಿಳಿ ಕೋಟಿನ ಬೆನ್ನಿನ ಮೇಲೆ ಕಂದು ಬಣ್ಣದ ದೋಣಿಯೊಂದು ತೇಲುತ್ತಿತ್ತು.

ಹೆಂಡತಿ ಮಷೀನು ಆರಿಸಿದಳು, ಅಂಗಡಿಯ ಬಾಗಿಲು ಎಳೆದಳು, "ನಡೀರಿ" ಅಂದಳು.

ರೇಡಿಯೊನ ಅಂಗಡಿಯಲ್ಲಿ ಅವಳು ಸ್ಟೂಲಿನ ಮೇಲೆ ಕೂತು, ಒಂದೊಂದು ಡಬ್ಬಿಯನ್ನೂ ಎದುರಿಗಿಡಿಸಿ ಒಂದೇ ಪ್ರಶ್ನೆ ಕೇಳಿದಳು: ಇದು ಈಗ ಬೇಕಾ, ಮುಂದಕ್ಕಾ? ಮುಂದಕ್ಕೆ ಎಂಬುದೆಲ್ಲ ಕಪಾಟಿಗೆ ವಾಪಸಾಯಿತು. ಬೀರು ಹೋಗಿ ಸಾದಾ ಕಪ್ಪು ಡಬ್ಬಿ ಬಂತು. ದುಪ್ಪಟ್ಟು ಬಲದ ಪೆಟ್ಟಿಗೆ ಹೋಗಿ ತಕ್ಕಷ್ಟು ಬಲದ್ದು ಬಂತು. ನಾಲ್ಕು ಮನೆಯ ಬೋರ್ಡು ಎರಡು ಮನೆಗೆ ಇಳಿಯಿತು. ಮಾಸ್ತರರಿಗೆ ತಮ್ಮ ಮೈಮೇಲಿನ ಬಟ್ಟೆಯನ್ನೇ ಕತ್ತರಿಸಿದಷ್ಟು ಸಂಕಟವಾಯಿತು.

"ಒಳಗೆ ಸ್ವಲ್ಪನಾದ್ರೂ ಬಟ್ಟೆ ಬಿಡು ಕಣೇ."

"ಬಿಟ್ಟ ಬಟ್ಟೆ ಬಿಚ್ಚಿಸ್ಕೊಳ್ಳೋಕೆ ಇಷ್ಟು ವರ್ಷದಲ್ಲಿ ಯಾರು ವಾಪಸ್ ಬಂದಿದಾರೆ ಹೇಳಿ."

ಮಾಸ್ತರರು ನೆನಪಿನ ಮೂಲೆಮೂಲೆ ತಡಕಾಡಿದರು. "ನಿಮ್ಮಣ್ಣ."

"ಅವನೊಬ್ಬನ ಹೊಟ್ಟೆಗೆ ಹೆದರಿ ಊರಿಗೆಲ್ಲ ದೊಗಲೆ ಹೊಲೀಬೇಕಾ?"

ರೇಡಿಯೊ ಕೆಮ್ಮಿನ ನೆಪದಲ್ಲಿ ಆ ಕಡೆ ತಿರುಗಿದ. ಹೀಗೆ ಅಲ್ಲಲ್ಲಿ ಹಿಡಿಸಿ ಉಳಿಸಿದ ಹಣದಲ್ಲಿ ಯಾರೋ ಬಳಸಿ ಕೊಟ್ಟಿದ್ದ ಒಂದು ಗ್ರಾಫಿಕ್ಸ್ ಕಾರ್ಡು ಸಿಕ್ಕಿತು. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ, ಎಲ್ಲಾದರೂ ತೇಪೆ ಇದೆಯೇ ಎಂದು ನೋಡಿ, ಎದುರಿಗೇ ಓಡಿಸಿ ತೋರಿಸಲು ಹೇಳಿದಳು. ಓಡಿತು. ಹಣ ಮುಗಿಯಿತು.

ಪೆಡಲು ಮಾತ್ರ ಕಪಾಟಿನಲ್ಲೇ ಉಳಿಯಿತು. ಮೂವರೂ ಅದನ್ನು ನೋಡಿದರು. ಯಾವ ಕಾಲಿಗಾಗಿ ಇಷ್ಟೆಲ್ಲ ಯುದ್ಧವಾಯಿತೋ ಆ ಕಾಲಿಗೆ ಇಡಲು ಒಂದು ಮೆಟ್ಟಿಲಿಲ್ಲ. ಅದೀಗ ಕೌಂಟರಿನ ಬುಡವನ್ನು ಜಪ್ಪತೊಡಗಿತ್ತು, ಕಪಾಟಿನ ಗಾಜು ಝಣಝಣ ಅನ್ನುತ್ತಿತ್ತು.

ರೇಡಿಯೊ ಗಾಜಿನ ಮೇಲೆ ಕೈಯಿಟ್ಟು ಸದ್ದು ನಿಲ್ಲಿಸಿದ. "ಮಾಸ್ಟ್ರೇ, ಆವತ್ತು ಮುರಿದ್ರಲ್ಲ, ಆ ಪೆಡಲು ಎಸೆದ್ರಾ?"

ಎಸೆಯುವುದೇ? ಕತ್ತರಿಸಿ ಬಿದ್ದ ಚೂರನ್ನೂ ಎಸೆಯದ ಜನ ಇವರು. ಮಾಸ್ತರರು ಓಡಿಹೋಗಿ ತಂದರು. ರೇಡಿಯೊ ಅದನ್ನು ಬಿಚ್ಚಿದ. ಅಟ್ಟದಿಂದ ಧೂಳು ಹಿಡಿದ ಒಂದು ಹಳೇ ರೇಡಿಯೊ ಇಳಿಸಿ, ಅದರ ಶಬ್ದ ಹೆಚ್ಚು ಕಡಿಮೆ ಮಾಡುವ ತಿರುಪನ್ನು ಕಿತ್ತು, ಪೆಡಲಿನ ಹೊಟ್ಟೆಯೊಳಗೆ ಬೆಸುಗೆ ಹಾಕಿ ಕೂರಿಸಿದ. ಒಂದು ವೈರು ಹೊರಡಿಸಿ ಕಂಪ್ಯೂಟರಿಗೆ ಸೇರಿಸಿದ. ಒತ್ತಿದಷ್ಟು ಜೋರು, ಸವರಿದಷ್ಟು ಮೆಲ್ಲಗೆ, ಹಾಡಾದರೇನು, ಕಾರಾದರೇನು. ಬಹಳ ದಿನಗಳ ಮೇಲೆ ಬೆಸುಗೆಯ ಹೊಗೆ ಕುಡಿದು ಅವನ ಮುಖ ಅರಳಿತ್ತು. ಕೂಲಿ ಬೇಡ ಅಂದ. ಎರಡು ಪ್ಯಾಂಟು ಹೊಲಿದುಕೊಟ್ಟರೆ ಸಾಕು.

"ಒಳಗೆ ಬಟ್ಟೆ ಬಿಟ್ಟು" ಎಂದು ಹೊಟ್ಟೆ ಸವರಿಕೊಂಡ.

ಮಾಸ್ತರರು ಹೆಂಡತಿಯ ಕಡೆಗೆ ನೋಡಿದ ನೋಟದಲ್ಲಿ ಒಂದು ಸಾಮ್ರಾಜ್ಯದ ವಿಜಯವಿತ್ತು.

ಆಮೇಲಿನ ದಿನಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಎಷ್ಟು ಕಾರುಗಳು ನುಚ್ಚುನೂರಾದವೋ ಯಾರೂ ಬರೆದಿಡಲಿಲ್ಲ. ಸ್ಟಿಯರಿಂಗಿನ ಬದಲು ಕೀಬೋರ್ಡಿನ ಬಾಣದ ಗುಂಡಿಗಳು, ಬ್ರೇಕಿಗೆ ಇನ್ನೊಂದು ಗುಂಡಿ. ಮಾಸ್ತರರು ಸೂಜಿಯ ಕೆಳಗೆ ಬಟ್ಟೆ ಸರಿಸುವ ಹಾಗೆಯೇ ಅವನ್ನು ಒತ್ತುತ್ತಿದ್ದರು. ಬಲಗಾಲು ಹಟಮಾರಿ ವಿದ್ಯಾರ್ಥಿ. ಗೋಡೆಗೆ ಬಡಿದು ಬಡಿದು, ಕಲಿಯಿತು ಅನ್ನುವಾಗ ಮತ್ತೆ ಜಪ್ಪಿ, ಸಿಟ್ಟಿಗೆದ್ದು, ಎದ್ದು ಕೋಣೆಯಲ್ಲಿ ಶತಪಥ ತಿರುಗಿ, ಮತ್ತೆ ಕೂತು, ಅಂತೂ ಮೆತ್ತಗಾಗುತ್ತ ಬಂತು. ಮಧ್ಯಾಹ್ನ ಮಾತ್ರ ಮಾಸ್ತರರು ಅಂಗಡಿ ಕಾಯಬೇಕಿತ್ತು. ಹೆಂಡತಿಗೆ ಇತ್ತೀಚೆಗೆ ಮಧ್ಯಾಹ್ನವಾದರೆ ತಲೆನೋವು. ಮನೆಗೆ ಹೋಗಿ ಮಲಗಿ ಬರುತ್ತಿದ್ದಳು.

ಕೊನೆಯ ಕೋಟಿನ ದಿನ ಬಂತು. ಸುಟ್ಟ ಬೆನ್ನಿಗೆ ಹೊಸ ಬಟ್ಟೆ ಹಾಕಿದ್ದ ಅದೇ ಬಿಳಿ ಕೋಟು, ಕಾಲರು ಬಾಕಿ. ಹೆಂಡತಿ ಎದ್ದು ಕುರ್ಚಿ ತೋರಿಸಿದಳು. ಮಾಸ್ತರರು ಕೂತರು. ಬಲಗಾಲು ಪೆಡಲಿನ ಮೇಲೆ ಇಳಿಯಿತು, ಬೆಕ್ಕು ಎಚ್ಚರಗೊಳ್ಳದಷ್ಟು ಹಗುರಾಗಿ. ಮಷೀನು ಗುನುಗಿತು. ಕಾಲರಿನ ತಿರುವು ಹತ್ತಿರವಾದಾಗ ಮಾಸ್ತರರ ಇಡೀ ಮೈ ಎಡಕ್ಕೆ ವಾಲಿತು, ಕಿರುಬೆರಳು ಮಷೀನಿನಲ್ಲಿ ಇಲ್ಲದ ಬ್ರೇಕಿನ ಗುಂಡಿಯನ್ನು ಹುಡುಕಿತು, ಬಾಯಿಂದ 'ಕ್ರೀಂ' ಎಂಬ ಸಣ್ಣ ಸದ್ದೂ ಹೊರಟಿತು. ಆದರೆ ಹೊಲಿಗೆ ಇರುವೆಯ ಸಾಲಿನಂತೆ ಸುತ್ತಿ ಬಂದು ನಿಂತಿತು.

ಹೆಂಡತಿ ಕಾಲರನ್ನು ಬೆಳಕಿಗೆ ಹಿಡಿದಳು, ಎಳೆದಳು, ಉಗುರಿನಿಂದ ಗೀರಿದಳು. "ಹೂಂ. ಕುರ್ಚಿ ನಿಮ್ಮದೇ" ಅಂದಳು. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಮಾಸ್ತರರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡಿತು.

ಅಂದು ಊಟಕ್ಕೆ ಕೂತಾಗ ಲೋಟದ ನೀರು ತೆರೆತೆರೆಯಾಗಿ ಅಲುಗಿತು. "ರೀ, ಕಾಲು" ಅಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ.

ಮಾಸ್ತರರು ಕೆಳಗೆ ನೋಡಿದರು. ಬಲಗಾಲು ಎಡಗಾಲಿನ ಪಕ್ಕ ಒಳ್ಳೆಯ ಮಗುವಿನಂತೆ ಸುಮ್ಮನಿತ್ತು. ಅನುಮಾನ ಬೇಡವೆಂದು ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿ ಕೂತರು. ನೀರು ಇನ್ನೂ ಅಲುಗುತ್ತಿತ್ತು.

ಲೋಟದಿಂದ ಹೆಂಡತಿಯ ಕಡೆಗೆ ಕಣ್ಣು ಹೊರಳಿಸಿ ಅವರು ಮೆಲ್ಲಗೆ, "ಸೇತುವೆ ದಾಟಿದ ಮೇಲೆ ಬರೋ ತಿರುವಲ್ಲಿ ಬ್ರೇಕ್ ಒತ್ಬೇಕು ಕಣೇ" ಅಂದರು.

"ಬ್ರೇಕ್ ಒತ್ತಿದ್ರೆ ನಿಮ್ಮನ್ನ ಹಿಂದೆ ಹಾಕೋದು ಹೇಗೆ?" ಅಂದಳು ಹೆಂಡತಿ.

ಲೋಟ ಮಗುಚಿತು.