ದುಂಡೇಶಣ್ಣ ಎರಡು ಸಲ ಗುಡ್ಡ ಇಳಿದದ್ದು

ಕಬ್ಬೂರಿನ ದುಂಡೇಶಣ್ಣನಿಗೆ ಐವತ್ತನಾಲ್ಕು ವರ್ಷ. ಮೂರೆಕರೆ ಕಬ್ಬು, ಎರಡು ಎಮ್ಮೆ, ಒಬ್ಬಳೇ ಮಗಳು. ಇವೆಲ್ಲ ಯಾರಿಗಾದರೂ ಇರುತ್ತವೆ ಬಿಡಿ. ಇವನೊಬ್ಬನಿಗೇ ಇದ್ದದ್ದು ಒಂದು ಚಟ: ಎದುರಿಗೆ ಮನುಷ್ಯ ಕಂಡರೆ ಎರಡೂ ಕೈ ಎತ್ತಿ ಶರಣು ಹೇಳಲೇಬೇಕು. ನಡೆಯುವಾಗ ಪರವಾಗಿಲ್ಲ, ಈ ಪುಣ್ಯಾತ್ಮ ಸೈಕಲ್ ಮೇಲಿದ್ದರೂ ಹಾಗೆಯೇ! ಶರಣು ಹೇಳುತ್ತಲೇ ಕಾಲುವೆಗೆ ಒಮ್ಮೆ, ತಿಪ್ಪೆಗೆ ಎರಡು ಸಲ, ಪಕ್ಕದ ಮನೆಯ ಧರೆಪ್ಪನ ಜೋಳದ ರಾಶಿಗೆ ಒಮ್ಮೆ ಬಿದ್ದಿದ್ದ.

ಮಗಳು ರೂಪಾಲಿ ಚಿಕ್ಕೋಡಿಯ ಕಾಲೇಜೊಂದರಲ್ಲಿ ಆಟದ ಮೇಡಂ. ಅವಳ ಹನ್ನೊಂದು ಹುಡುಗಿಯರು ಗುಡ್ಡಗಾಡು ಸೈಕಲ್ ಸ್ಪರ್ಧೆಗೆ ತಯಾರಾಗುತ್ತಿದ್ದರು. ದಪ್ಪ ಗಾಲಿಯ ಗೇರ್ ಸೈಕಲ್ಲುಗಳೇನೋ ಬಂದವು, ಓಡಿಸಲು ಹಾದಿಯೇ ಇಲ್ಲ. ಕಬ್ಬೂರಿನ ಹಿಂದಿನ ಗುಡ್ಡದ ಕುರಿಹಾದಿ ಹೇಳಿ ಮಾಡಿಸಿದಂತಿತ್ತು. ಆದರೆ ಅದು ಇಳಿದು ಮುಟ್ಟುವುದು ಲಕ್ಷ್ಮಿಬಾಯಿಯ ಕಡಲೆ ಹೊಲದ ಬದುವಿಗೆ. ಲಕ್ಷ್ಮಿಬಾಯಿ ದುಂಡೇಶಣ್ಣನ ಸೋದರತ್ತೆ, ಎಪ್ಪತ್ತೆಂಟರ ಮುದುಕಿ, ಬಾಯಿ ಬಿಟ್ಟರೆ ಮೆಣಸಿನಕಾಯಿ.

“ಮೊದಲ ನಿಮ್ಮಪ್ಪ ಬೀಳಲಾರದ ಇಳದು ಬರ್ಲಿ,” ಅಂದಳು ಮುದುಕಿ, ಹಾದಿ ಕೇಳಲು ಬಂದ ರೂಪಾಲಿಗೆ. “ಅವ ಬೀಳಲಿಲ್ಲಂದ್ರ ಜಗತ್ತಿನ್ಯಾಗ ಯಾರೂ ಬೀಳಾಂಗಿಲ್ಲ. ಆವಾಗ ನೋಡೂಣು.”

ಒಂದು ತಿಂಗಳು ಮಗಳು ಅಪ್ಪನನ್ನು ಹಿಂಡಿ ಹಿಪ್ಪೆ ಮಾಡಿದಳು. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂಡಬಾರದು, ಪೆಡಲ್ ಮೇಲೆ ನಿಂತು ಕುಂಡಿ ಹಿಂದಕ್ಕೆ ಹಾಕಬೇಕು. ಮುಂದಿನ ಬ್ರೇಕ್ ಒಂದನ್ನೇ ಗಪ್ಪನೆ ಹಿಡಿದರೆ ಸೈಕಲ್ ನಿಲ್ಲುತ್ತದೆ, ಸವಾರ ಮುಂದೆ ಹೋಗುತ್ತಾನೆ.

“ಕಲ್ಲ ನೋಡಬ್ಯಾಡಪಾ, ಹಾದಿ ನೋಡು. ಕಲ್ಲ ನೋಡಿದಿ ಅಂದ್ರ ಕಲ್ಲಿಗೇ ಹೋಗ್ತಿ. ಮತ್ತ ಕೈಯಂತೂ ಬಿಡಬ್ಯಾಡ!”

“ಮಂದಿ ಭೆಟ್ಟಿ ಆದ್ರ?”

“ಮಂದೀನೂ ಕಲ್ಲ ಅಂತ ತಿಳಕೋ.”

ಭಾನುವಾರ ಮುಂಜಾನೆ ಅರ್ಧ ಊರು ಹಾದಿಯ ಎರಡೂ ಬದಿಗೆ ಸೇರಿತ್ತು. ದುಂಡೇಶಣ್ಣ ಹಲ್ಲು ಕಚ್ಚಿ ಇಳಿದ. “ಯಣ್ಣಾ, ಆರಾಮ?” ಅಂತ ಓಣಿಯ ಕೆಂಚವ್ವ ಕೂಗಿದಳು. ಕಲ್ಲು! ಧರೆಪ್ಪ ಕೈ ಮುಗಿದ. ಅವನೂ ಕಲ್ಲು! ಹಾದಿಗೆ ಕಾಲು ಚಾಚಿ ಬದುವಿನ ಮೇಲೆ ಕುಂತಿದ್ದ ಅತ್ತೆ ಕಾಲು ಎಳೆದುಕೊಂಡಳು, ಇವನು ಸುಂಯ್ ಎಂದು ದಾಟಿಹೋದ. ಬೀಳಲಿಲ್ಲ! ಹುಡುಗಿಯರು ಸಿಳ್ಳೆ ಹೊಡೆದರು.

ಅತ್ತೆಯ ಮುಖ ಮಾತ್ರ ಗಂಟಾಗಿತ್ತು. “ಬೀಳಲಿಲ್ಲ, ಖರೆ. ಆದ್ರ ಹಾದ್ಯಾಗ ನಾ ಕುಂತಿದ್ನಿ. ಕಾಲ ನಾನ ಎಳಕೊಂಡ್ನಿ, ನೀ ನಿಂದರಲಿಲ್ಲ. ಶರಣ ಅನ್ನೂದಂತೂ ದೂರ ಉಳೀತು. ಇಂಥಾ ಗಾಡಿ ನನ್ನ ಹೊಲದಾಗ ಬ್ಯಾಡ.”

ರೂಪಾಲಿಯ ಕಣ್ಣು ತುಂಬಿದವು. ದುಂಡೇಶಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶರಣು ಹೇಳಲಿಲ್ಲ ಎಂಬ ಮಾತು ಇಷ್ಟು ವರ್ಷದಲ್ಲಿ ಅವನಿಗೆ ಯಾರೂ ಅಂದಿರಲಿಲ್ಲ. ಅದರ ಮೇಲೆ ಹನ್ನೊಂದು ಹುಡುಗಿಯರ ಹಾದಿ ತನ್ನಿಂದಲೇ ಮುಚ್ಚಿತಲ್ಲ! ಅವನು ಸೈಕಲ್ ತಿರುಗಿಸಿ ಗುಡ್ಡದ ಕಡೆಗೆ ದೂಡತೊಡಗಿದ.

“ಸಾಹೇಬ್ರಿಗೆ ಸಿಟ್ಟ ಬಂತ ನೋಡ್ರಿ,” ಅಂದ ಧರೆಪ್ಪ.

ಮೇಲೆ ಮುಟ್ಟುವಷ್ಟರಲ್ಲಿ ಅಂಗಿ ಒದ್ದೆ. ಹೋದ ಸಲ ಬೀಳದಿದ್ದರೆ ಸಾಕಿತ್ತು. ಈ ಸಲ ಉದುರುಗಲ್ಲಿನ ಇಳಿಜಾರಿನ ಬುಡದಲ್ಲೇ, ಅತ್ತೆಯ ಕಾಲ ಬಳಿ, ನಿಲ್ಲಬೇಕು. ಅಲ್ಲಿ ಜಾರಿದರೆ ಹಾದಿಯೂ ಹೋಯಿತು, ಅತ್ತೆಯ ಮೊಣಕಾಲೂ ಹೋಯಿತು.

ಆಗಿದ್ದಾಗಲಿ ಎಂದು ಇಳಿದೇಬಿಟ್ಟ. “ಶರಣಪಾ ಧರೆಪ್ಪಾ! ಕೆಂಚವ್ವಾ, ಆರಾಮ ಅದೀನವಾ!” ಕೈ ಹ್ಯಾಂಡಲ್ ಬಿಡಲಿಲ್ಲ, ಬಾಯಿಗೇನು ಬ್ರೇಕಿತ್ತೇ? ಕೊನೆಯ ಇಳಿಜಾರಿನಲ್ಲಿ ಕುಂಡಿ ಹಿಂದಿನ ಗಾಲಿಗೆ ತಾಗುವಷ್ಟು ಹಿಂದೆ ಹಾಕಿದ. ಎರಡೂ ಬ್ರೇಕ್ ಒತ್ತಿದ, ಸಡಿಲಿಸಿದ, ಮತ್ತೆ ಒತ್ತಿದ. ಗಾಲಿ ಎಡಕ್ಕೆ ಜಾರಿತು. “ಯವ್ವಾ!” ಎಂದು ಹೆಂಗಸರು ಚೀರಿದರು. ಸೈಕಲ್ ಅತ್ತೆಯ ಕಾಲಿಗೆ ಒಂದು ಗೇಣು ಉಳಿದಿರುವಾಗ ನಿಂತಿತು.

ಇಳಿದು, ಅತ್ತೆಯ ಪಾದ ಮುಟ್ಟಿದ. “ಶರಣ ಅತ್ತೀ. ತಪ್ಪಾತು.”

ಮುದುಕಿ ಗಾಲಿಯ ಗುರುತು ನೋಡಿದಳು. ಒಂದು ಕಡಲೆ ಗಿಡವೂ ಬಾಗಿರಲಿಲ್ಲ.

“ನಿನ್ನ ಶರಣ ತಗೊಂಡ ಏನ್ ಮಾಡ್ಲೋ! ಈ ಬದುವಿನ ಮ್ಯಾಲ ಕೂಸುಗೋಳು ಆಡ್ತಾವ, ಆಡಿನ ಮರಿ ಅಡ್ಡ ಬರ್ತಾವ. ಈ ಗಾಡಿ ನಿಂದ್ರತೈತೋ ಇಲ್ಲೋ ನಾ ನೋಡಬೇಕಾಗಿತ್ತ.” ರೂಪಾಲಿಯ ಕಡೆ ತಿರುಗಿದಳು. “ನಿಮ್ಮಪ್ಪಗ ನಿಂದ್ರಾಕ ಬಂತಂದ್ರ ನಿನ್ನ ಹುಡುಗ್ಯಾರಿಗೂ ಬರ್ತೈತಿ. ನಾಳಿಂದ ಬರ್ರಿ.”

ದುಂಡೇಶಣ್ಣ ಬದುವಿನ ಮೇಲೆ ಕುಸಿದು ಕುಂತ. “ಮೊದಲ ಹೇಳಬಾರದೇನತ್ತೀ? ಗುಡ್ಡ ಮತ್ತೊಮ್ಮಿ ಹತ್ತಿಸಿದ್ಯಲ್ಲ!”

“ಹೇಳಿದ್ರ ಇವತ್ತೊಂದ ದಿನ ನಿಂದರ್ತಿದ್ದಿ,” ಅಂದಳು ಅತ್ತೆ. “ಈಗ ನಿಂದ್ರೂದು ಹೊಟ್ಟ್ಯಾಗ ಇಳದೈತಿ.”