ರಾಕ್ಷಸನನ್ನು ಕ್ಷಮಿಸದ ಮಕ್ಕಳು

ಐವತ್ತರ ದಶಕದಲ್ಲಿ, ಫೋರ್ಟಿನ ಬ್ಯಾಂಕೊಂದರಲ್ಲಿ ಸಾಹೇಬರಾಗಿದ್ದ ಮೈಸೂರು ಕಡೆಯ ಮಹಾಶಯರೊಬ್ಬರಿಗೆ ಮಕ್ಕಳನ್ನು ಉದ್ಧಾರ ಮಾಡುವ ಚಟ ಹತ್ತಿತ್ತು. ಒಂದು ಭಾನುವಾರ ಪರೇಲ್‌ನ ನಮ್ಮ ಚಾಳಿನ ಅಂಗಳದಲ್ಲಿ ನಾಟಕ ಆಡಿಸಿದರು. "ಇದರ ಕೊನೆಯನ್ನು ನೀವೇ ಹೇಳಬೇಕು, ಮಕ್ಕಳೇ" ಎಂದು ಗಲ್ಲ ಹಿಂಡುವ ದನಿಯಲ್ಲಿ ಸಾರಿದರು. ರಾಕ್ಷಸನ ವೇಷ ಹಾಕಿದ್ದು ಉಡುಪಿ ಹೋಟೆಲಿನ ಅಡುಗೆ ಭಟ್ಟರು. ಊರಲ್ಲಿದ್ದಾಗ ಯಕ್ಷಗಾನದಲ್ಲಿ ರಾಕ್ಷಸನಾಗಿ ಕುಣಿದವರು.

ಕೊನೆಗೆ ಮಹಾಶಯರು ಕೇಳಿದರು: "ಇವನನ್ನು ಕ್ಷಮಿಸಿಬಿಡೋಣವೇ?"

ನಾವೆಲ್ಲ ಕರಾವಳಿಯವರ ಮಕ್ಕಳು. ರಜೆಯಲ್ಲಿ ಊರಿಗೆ ಹೋದಾಗ ನೋಡಿದ ಯಾವ ಆಟವೂ ರಾಕ್ಷಸ ಸಾಯದೆ ಮುಗಿದಿರಲಿಲ್ಲ. "ಬೇಡ, ಕೊಲ್ಲಿ!" ಎಂದು ಕಿರುಚಿದೆವು. ಅವರು ಮುಖ ಹುಳ್ಳಗೆ ಮಾಡಿಕೊಂಡು ಇನ್ನೂ ಎರಡು ಸಲ ಕೇಳಿದರು. ನಾವು ಇನ್ನೂ ಜೋರಾಗಿ ಕಿರುಚಿದೆವು. ಆಗ ಕೈಯಲ್ಲಿದ್ದ ಕಾಗದ ನೋಡಿಕೊಂಡು, "ಮಕ್ಕಳು ಕ್ಷಮಿಸಿದ್ದಾರೆ" ಎಂದು ಓದಿಯೇ ಬಿಟ್ಟರು. ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು, ನಾಚಿಕೆಗೆಟ್ಟವರು!

ಭಟ್ಟರು ಮಾತ್ರ ನಮ್ಮತ್ತ ಒಮ್ಮೆ ನೋಡಿದರು. ಆಮೇಲೆ ಅಬ್ಬರಿಸಿ, ಮೂರು ಸುತ್ತು ತಿರುಗಿ, ಮಹಾಶಯರ ಹೊಳೆಯುವ ಬೂಟಿನ ಮೇಲೆಯೇ ದೊಪ್ಪನೆ ಬಿದ್ದು ಸತ್ತರು.